ಬೇಕಾಗುವ ಮೊದಲೇ ಸಿದ್ಧವಿರಲಿ ರಕ್ತ: ಸ್ವಯಂಪ್ರೇರಿತ ದಾನಿಗಳನ್ನು ಕೂಡಿಸುವ ಬಗೆ

ಆಸ್ಪತ್ರೆಯಲ್ಲಿ ಇವತ್ತು ರೋಗಿಗೆ ಏರಿಸುವ ರಕ್ತ ಇವತ್ತು ಕೊಟ್ಟದ್ದಲ್ಲ. ನಿನ್ನೆಯೋ, ಮೂರು ವಾರದ ಹಿಂದೆಯೋ ಯಾರೋ ಬಂದು ಮಲಗಿ ಕೊಟ್ಟು ಹೋದದ್ದು. ತೆಗೆದ ರಕ್ತದ ಗುಂಪು ನೋಡಬೇಕು, ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಆಗಬೇಕು, ಘಟಕಗಳಾಗಿ ಬೇರ್ಪಡಿಸಬೇಕು, ಕೊನೆಗೆ ರೋಗಿಯ ರಕ್ತದ ಜತೆ ಹೊಂದುತ್ತದೆಯೇ ಎಂದು ನೋಡಬೇಕು. ಇಷ್ಟಕ್ಕೂ ಗಂಟೆಗಟ್ಟಲೆ ಹಿಡಿಯುತ್ತದೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ತಾಯಿಗೆ ಅಷ್ಟು ಹೊತ್ತು ಇರುವುದಿಲ್ಲ. ರೋಗಿಯ ಕಡೆಯವರು ದಾನಿಗಳನ್ನು ಹುಡುಕಿಕೊಂಡು ಓಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಬಾವಿ ಮೊದಲೇ ಇರಬೇಕು, ಅದರಲ್ಲಿ ನೀರೂ ಇರಬೇಕು.

ನಿಮ್ಮ ಕಚೇರಿಯಲ್ಲಿ, ಕಾಲೇಜಿನಲ್ಲಿ, ಬಡಾವಣೆಯಲ್ಲಿ ರಕ್ತದಾನಕ್ಕೆ ಜನರನ್ನು ಸೇರಿಸಬೇಕೆಂದಿದ್ದರೆ ಈ ಬರಹ ನಿಮಗಾಗಿ. ಒಂದು ದಿನ ನೂರು ಜನರನ್ನು ಕೂಡಿಸುವುದು ಕಷ್ಟವಲ್ಲ. ಅದೇ ನೂರರಲ್ಲಿ ಮೂವತ್ತು ಜನ ವರ್ಷಕ್ಕೆ ಎರಡು ಸಲ ತಾವಾಗಿಯೇ ಬರುವಂತೆ ಮಾಡುವುದು ಕಷ್ಟ, ರೋಗಿಗಳಿಗೆ ಬೇಕಾಗಿರುವುದೂ ಅದೇ. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ದಾನಿ ಎರಡನೆಯ ಸಲ ಬರಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡದ್ದು.

ಮೊದಲ ಮಾತು ರಕ್ತನಿಧಿಯ ಜತೆ

ಬ್ಯಾನರ್ ಬರೆಸುವ ಮುಂಚೆ ಹತ್ತಿರದ ಪರವಾನಗಿ ಪಡೆದ ರಕ್ತನಿಧಿಗೆ ಹೋಗಿ. ಕೇಳಬೇಕಾದದ್ದು ಮೂರು: ನಿಮ್ಮಲ್ಲಿ ಯಾವ ತಿಂಗಳು ರಕ್ತ ಕಡಿಮೆಯಾಗುತ್ತದೆ, ಒಂದು ದಿನಕ್ಕೆ ಎಷ್ಟು ಯುನಿಟ್ (ಅಂದರೆ ಎಷ್ಟು ಬ್ಯಾಗ್ ರಕ್ತ) ನಿಮ್ಮಿಂದ ನಿಭಾಯಿಸಲು ಆಗುತ್ತದೆ, ಘಟಕಗಳಾಗಿ ಬೇರ್ಪಡಿಸುವ ಸೌಲಭ್ಯ ಇದೆಯೇ.

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಬ್ಯಾಗಿನಲ್ಲಿರುವ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಬಾಳುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಗಟ್ಟಿಗೊಳಿಸಿ ಇಟ್ಟರೆ ಒಂದು ವರ್ಷದವರೆಗೆ ಉಳಿಯುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳ ಆಯುಷ್ಯ ಸಾಮಾನ್ಯವಾಗಿ ಐದೇ ದಿನ. ಅದೂ 20ರಿಂದ 24 ಡಿಗ್ರಿಯಲ್ಲಿ, ಬಿಡದೆ ಅಲುಗಾಡುವ ತಟ್ಟೆಯ ಮೇಲೆ. ಹಾಗಾಗಿ ಎಲ್ಲ ಸಂಘಗಳೂ ಒಂದೇ ವಾರದಲ್ಲಿ ಶಿಬಿರ ಇಟ್ಟುಕೊಂಡರೆ ಆ ವಾರ ಇಡಲು ಜಾಗವಿಲ್ಲ, ಎರಡು ತಿಂಗಳಾದ ಮೇಲೆ ಕೊಡಲು ರಕ್ತವಿಲ್ಲ. ಜೂನ್ 14 ವಿಶ್ವ ರಕ್ತದಾನಿಗಳ ದಿನ. ಎ, ಬಿ, ಓ ಗುಂಪುಗಳನ್ನು 1901ರಲ್ಲಿ ಜಗತ್ತಿಗೆ ತಿಳಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. 2004ರಿಂದ ಆಚರಣೆ ನಡೆದಿದೆ. ಆ ದಿನ ದಾನಿಗಳಿಗೆ ಧನ್ಯವಾದ ಹೇಳಿ, ಹೊಸಬರ ಹೆಸರು ಬರೆದುಕೊಳ್ಳಿ. ಶಿಬಿರವನ್ನು ಮಾತ್ರ ಕಾಲೇಜು ಪರೀಕ್ಷೆಯ ಕಾಲ, ದೀರ್ಘ ರಜೆ, ಕಡು ಬೇಸಿಗೆಯಂಥ, ರಕ್ತಕ್ಕೆ ಬರ ಬರುವ ದಿನಗಳಿಗೆ ಇಟ್ಟುಕೊಳ್ಳಿ.

ದೂರದ ಲೆಕ್ಕವೂ ಇದೆ. ಪ್ಲೇಟ್‌ಲೆಟ್ ತೆಗೆಯಬೇಕಾದ ರಕ್ತವನ್ನು ತಣ್ಣಗಿನ ಪೆಟ್ಟಿಗೆಯಲ್ಲಿ ಇಡುವಂತಿಲ್ಲ; ತೆಗೆದ ಆರರಿಂದ ಎಂಟು ಗಂಟೆಯೊಳಗೆ ಬೇರ್ಪಡಿಸುವುದು ಹೆಚ್ಚಿನ ಕಡೆಯ ರೂಢಿ. ರಕ್ತನಿಧಿಯಿಂದ ನಾಲ್ಕು ಗಂಟೆ ದೂರದ ಊರಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಶಿಬಿರ ನಡೆಸಿದರೆ ಬೆಳಿಗ್ಗೆ ಕೊಟ್ಟವರ ಪ್ಲೇಟ್‌ಲೆಟ್ ಕೈತಪ್ಪುತ್ತದೆ. ಅಂಥ ಕಡೆ ಶಿಬಿರ ಚಿಕ್ಕದಾಗಿರಲಿ, ಅಥವಾ ಮಧ್ಯೆ ಒಂದು ಗಾಡಿ ರಕ್ತ ಒಯ್ಯುವಂತಿರಲಿ.

ಒಬ್ಬೊಬ್ಬರನ್ನೇ ಕೇಳಿ

ಗೋಡೆಯ ಮೇಲಿನ ಚೀಟಿ ನೋಡಿ ಬರುವವರು ಮೊದಲೇ ದಾನಿಗಳಾಗಿದ್ದವರು. ಹೊಸಬರು ಬರುವುದು ಪರಿಚಯದವರು ಎದುರಿಗೆ ನಿಂತು ಕೇಳಿದಾಗ. ಹಾಗಾಗಿ ಹತ್ತು ಕಾರ್ಯಕರ್ತರನ್ನು ಹುಡುಕಿ, ಒಬ್ಬೊಬ್ಬರೂ ತಮಗೆ ಗೊತ್ತಿರುವ ಹತ್ತು ಜನರ ಹತ್ತಿರ ಮಾತನಾಡಲಿ. ಕಾರ್ಯಕರ್ತರಲ್ಲಿ ಅರ್ಧದಷ್ಟಾದರೂ ಸ್ವತಃ ರಕ್ತ ಕೊಟ್ಟವರಿರಬೇಕು. ಸೂಜಿ ಎಷ್ಟು ನೋಯುತ್ತದೆ ಎಂಬ ಪ್ರಶ್ನೆಗೆ ಅನುಭವದಿಂದ ಬಂದ ಉತ್ತರವೇ ನಾಟುತ್ತದೆ.

ಕೇಳುವಾಗ ‘ಜೀವ ಉಳಿಸಿ’ ಎಂಬ ದೊಡ್ಡ ಮಾತಿಗಿಂತ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿ. ಒಂದು ಬ್ಯಾಗ್ ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಪದರ ಪದರವಾಗಿ ಬೇರೆಯಾಗುತ್ತವೆ. ಕೆಂಪು ಕಣ ತೀವ್ರ ಥಲಸ್ಸೀಮಿಯಾ (ಮೈಯಲ್ಲಿ ಹಿಮೋಗ್ಲೋಬಿನ್ ಸಾಕಷ್ಟು ಆಗದ, ಹುಟ್ಟಿನಿಂದ ಬರುವ ಕಾಯಿಲೆ) ಇರುವ ಮಗುವಿಗೆ ಹೋಗಬಹುದು. ಅಂಥ ಮಕ್ಕಳಿಗೆ ಎರಡರಿಂದ ಐದು ವಾರಕ್ಕೊಮ್ಮೆ, ಜೀವನಪೂರ್ತಿ ರಕ್ತ ಏರಿಸಬೇಕು. ಪ್ಲೇಟ್‌ಲೆಟ್ ಕೀಮೋಥೆರಪಿಯಲ್ಲಿರುವವರಿಗೆ, ಪ್ಲಾಸ್ಮಾ ವಿಪರೀತ ರಕ್ತಸ್ರಾವವಾದವರಿಗೆ ಅಥವಾ ಸುಟ್ಟ ಗಾಯದವರಿಗೆ. ಅಪಘಾತ ಹೇಳಿ ಕೇಳಿ ಬರುವುದಿಲ್ಲ, ನಿಜ. ಆದರೆ ಈ ಮಗುವಿಗೆ ಮುಂದಿನ ತಿಂಗಳು ರಕ್ತ ಬೇಕು ಎನ್ನುವುದು ಇವತ್ತೇ ಗೊತ್ತು. ಈ ಒಂದು ಮಾತು ಜನರ ಮನಸ್ಸಿಗೆ ಹೋಗುವಷ್ಟು ಬೇರೆ ಯಾವುದೂ ಹೋಗುವುದಿಲ್ಲ.

ಒಂದು ಎಚ್ಚರಿಕೆ. ದುಡ್ಡು, ಬೆಲೆಬಾಳುವ ಉಡುಗೊರೆ, ಯಾವ ವಿಭಾಗದವರು ಹೆಚ್ಚು ಕೊಟ್ಟರು ಎಂಬ ಪೈಪೋಟಿ ಯಾವುದೂ ಬೇಡ. ಆಮಿಷ ಇದ್ದಲ್ಲಿ ದಾನಿ ತನ್ನ ಕಾಯಿಲೆಯನ್ನೋ ಅಪಾಯದ ನಡವಳಿಕೆಯನ್ನೋ ಮುಚ್ಚಿಡುತ್ತಾನೆ. ಮೇಲಧಿಕಾರಿ ನಿಂತು ನೋಡುತ್ತಿದ್ದರೂ ಹಾಗೆಯೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ 1975ರಲ್ಲಿಯೇ ಹಣ ಪಡೆಯದ, ಸ್ವಯಂಪ್ರೇರಿತ ದಾನವನ್ನು ಬೆಳೆಸಬೇಕೆಂದು ನಿರ್ಣಯ ಮಾಡಿದ್ದು ರೋಗಿಯ ಸುರಕ್ಷತೆಯನ್ನು ನೋಡಿಯೇ. ಪರೀಕ್ಷೆ ಮಾಡುತ್ತಾರಲ್ಲ ಎನ್ನಬಹುದು. ಸೋಂಕು ತಗುಲಿದ ಮೊದಲ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ಯಾವ ಪರೀಕ್ಷೆಗೂ ಅದು ಕಾಣಿಸುವುದಿಲ್ಲ. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ವೈದ್ಯರ ಪ್ರಶ್ನೆಗಳಿಗೆ ದಾನಿ ಕೊಡುವ ಪ್ರಾಮಾಣಿಕ ಉತ್ತರ ಒಂದೇ. ತನಗೆ ಎಚ್‌ಐವಿ ಇದೆಯೇ ಎಂದು ತಿಳಿದುಕೊಳ್ಳಲು ರಕ್ತದಾನಕ್ಕೆ ಬರಬಾರದು ಎನ್ನುವುದೂ ಇದಕ್ಕೇ. ಆ ಪರೀಕ್ಷೆಗೆ ಬೇರೆಯೇ ಕೇಂದ್ರಗಳಿವೆ.

ಹೆದರಿಕೆಗೆ ನೇರ ಉತ್ತರ

‘ನಿಶ್ಶಕ್ತಿ ಆಗುತ್ತದೆಯೇ?’ ಇದು ಎಲ್ಲರ ಪ್ರಶ್ನೆ. ಅಂಕಿಯಲ್ಲೇ ಉತ್ತರ ಕೊಡಿ. ವಯಸ್ಕರ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಇರುತ್ತದೆ. 50 ಕಿಲೋ ಇದ್ದವರಲ್ಲಿ ಮೂರೂವರೆ ಲೀಟರ್. ತೆಗೆಯುವುದು 350 ಅಥವಾ 450 ಮಿಲಿಲೀಟರ್. ಕನಿಷ್ಠ ತೂಕದ ನಿಯಮ ಹುಟ್ಟಿದ್ದೂ ಈ ಲೆಕ್ಕದಿಂದಲೇ. ಕಡಿಮೆಯಾದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳು ಮರಳಲು ಕೆಲವು ವಾರ ಬೇಕು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬೇಡಿ. 450 ಮಿಲಿಲೀಟರ್ ರಕ್ತದ ಜತೆ 200ರಿಂದ 250 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ಅದು ಭರ್ತಿಯಾಗಲು ತಿಂಗಳುಗಳೇ ಬೇಕು; ಮುಟ್ಟಾಗುವ ಹೆಣ್ಣುಮಕ್ಕಳಿಗೆ ಇನ್ನೂ ನಿಧಾನ. ಎರಡು ದಾನಗಳ ನಡುವಿನ ಅಂತರ ಬೇರೆ ಬೇರೆ ಕಡೆ 8ರಿಂದ 16 ವಾರದವರೆಗೆ ಇರುವುದು, ಹಲವೆಡೆ ಹೆಂಗಸರಿಗೆ ಹೆಚ್ಚು ಇಟ್ಟಿರುವುದು ಇದಕ್ಕಾಗಿ. ಪದೇ ಪದೇ ಕೊಡುವವರಿಗೆ ಸೊಪ್ಪು, ಕಾಳು, ಮಾಂಸ, ಜತೆಗೆ ಹುಳಿ ಹಣ್ಣು ತಿನ್ನಲು ಹೇಳಿ. ಊಟದ ಜತೆಗೇ ಕಾಫಿ, ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹಿಡಿಯುವುದು ಕಡಿಮೆ. ಬೇಕಿದ್ದರೆ ವೈದ್ಯರನ್ನು ಕೇಳಿ ಕಬ್ಬಿಣದ ಮಾತ್ರೆ.

‘ನನ್ನದು ಎಲ್ಲರಲ್ಲೂ ಇರುವ ಗುಂಪು, ನನ್ನ ರಕ್ತ ಯಾರಿಗೆ ಬೇಕು?’ ಎನ್ನುವವರೂ ಸಿಗುತ್ತಾರೆ. ದಾನಿಗಳಲ್ಲಿ ಹೆಚ್ಚಿರುವ ಗುಂಪು ರೋಗಿಗಳಲ್ಲೂ ಹೆಚ್ಚು, ಹಾಗಾಗಿ ಮೊದಲು ಖಾಲಿಯಾಗುವುದೂ ಅದೇ ಇರಬಹುದು. ಸೋಂಕಿನ ಭಯಕ್ಕೆ ಉತ್ತರ ಚಿಕ್ಕದು: ಸೂಜಿ, ನಳಿಕೆ, ಬ್ಯಾಗ್ ಒಂದೇ ಘಟಕವಾಗಿ ಮುದ್ರೆ ಹಾಕಿ ಬರುತ್ತವೆ, ಒಬ್ಬರಿಗೆ ಬಳಸಿ ಸೂಜಿಯನ್ನು ನಾಶ ಮಾಡುತ್ತಾರೆ. ಬೇಕೆಂದರೆ ದಾನಿಯ ಕಣ್ಣೆದುರೇ ಪೊಟ್ಟಣ ಬಿಚ್ಚುವಂತೆ ಕೇಳಬಹುದು.

ಬರುವ ಮುಂಚೆಯೇ ನೋಡಿಕೊಳ್ಳಬೇಕಾದದ್ದು

ನಿಯಮಗಳು ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುತ್ತವೆ. ವಯಸ್ಸು ಹೆಚ್ಚಿನ ಕಡೆ 18ರಿಂದ 65, ತೂಕ ಕನಿಷ್ಠ 45 ಅಥವಾ 50 ಕಿಲೋ, ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 12.5 ಗ್ರಾಂ ಆಸುಪಾಸು. ನಿಮ್ಮ ರಕ್ತನಿಧಿಯ ಪಟ್ಟಿಯನ್ನು ಒಂದು ವಾರ ಮೊದಲೇ ತಂದು ಹೆಸರು ಕೊಟ್ಟ ಎಲ್ಲರಿಗೂ ಕಳಿಸಿ. ಶಿಬಿರಕ್ಕೆ ರಜೆ ಹಾಕಿ ಬಂದು, ಸಾಲಿನಲ್ಲಿ ನಿಂತು, ಕೊನೆಗೆ ಆಗುವುದಿಲ್ಲ ಎನ್ನಿಸಿಕೊಂಡವರು ಮತ್ತೆ ಬರುವುದು ಕಡಿಮೆ.

ಪಟ್ಟಿಯಲ್ಲಿ ಎದ್ದು ಕಾಣಬೇಕಾದವು: ಈಗ ಜ್ವರ, ನೆಗಡಿ ಇದೆಯೇ, ಆ್ಯಂಟಿಬಯೋಟಿಕ್ ನಡೆಯುತ್ತಿದೆಯೇ, ಇತ್ತೀಚೆಗೆ ಹಲ್ಲು ಕೀಳಿಸಿದ್ದೀರಾ, ಹಚ್ಚೆ ಹಾಕಿಸಿದ್ದೀರಾ, ಶಸ್ತ್ರಚಿಕಿತ್ಸೆ ಆಗಿದೆಯೇ, ಮಲೇರಿಯಾ, ಕಾಮಾಲೆ ಬಂದಿತ್ತೇ, ಬಸುರಿ, ಬಾಣಂತಿ ಅಥವಾ ಎದೆಹಾಲು ಕುಡಿಸುತ್ತಿರುವವರೇ. ಇವುಗಳಲ್ಲಿ ಹೆಚ್ಚಿನವು ‘ಈಗ ಬೇಡ, ಆಮೇಲೆ ಬನ್ನಿ’ ಎನ್ನುವಂಥವು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ಮಧುಮೇಹ ಇರುವವರು ತಾವೇ ತೀರ್ಮಾನ ಮಾಡಿಕೊಳ್ಳಬಾರದು. ಶಿಬಿರದ ವೈದ್ಯರ ಮಾತೇ ಕೊನೆ. ಇನ್ನೂ ಒಂದು ವಿಷಯ, ಆ್ಯಸ್ಪಿರಿನ್ ನುಂಗಿದವರ ಕೆಂಪು ಕಣಕ್ಕೆ ತೊಂದರೆಯಿಲ್ಲ, ಆದರೆ ಪ್ಲೇಟ್‌ಲೆಟ್‌ಗಳು ಕೆಲವು ದಿನ ಕೆಲಸಕ್ಕೆ ಬರುವುದಿಲ್ಲ. ನುಂಗಿದ್ದರೆ ಹೇಳಬೇಕು.

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ. ಖಾಲಿ ಹೊಟ್ಟೆ ಬೇಡ. ಎರಡು ಮೂರು ಗಂಟೆ ಮುಂಚೆ ಜಿಡ್ಡು ಕಡಿಮೆಯಿರುವ ಊಟ. ಜಿಡ್ಡಿನ ಊಟವಾದ ತಕ್ಷಣ ತೆಗೆದ ರಕ್ತದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿ, ಪರೀಕ್ಷೆಗೂ ಅಡ್ಡಿ ಮಾಡುತ್ತದೆ.

ಮಂಚ, ಸಮಯ, ಜಾಗ

ಶಿಬಿರಗಳು ಹದಗೆಡುವುದು ಹೆಚ್ಚಾಗಿ ಇಲ್ಲಿ. ರಕ್ತ ಹರಿಯುವ ಹೊತ್ತು ಐದರಿಂದ ಹತ್ತು ನಿಮಿಷವಾದರೂ, ಮಲಗುವುದು, ರಕ್ತನಾಳ ಹುಡುಕುವುದು, ಚರ್ಮ ಒರೆಸುವುದು, ಆಮೇಲೆ ಒತ್ತಿ ಹಿಡಿದು ಏಳುವುದು ಎಲ್ಲ ಸೇರಿ ಒಂದು ಮಂಚ ಸುಮಾರು 20 ನಿಮಿಷ ತುಂಬಿರುತ್ತದೆ. ಗಂಟೆಗೆ ಒಂದು ಮಂಚದಲ್ಲಿ ಮೂವರು. ನಾಲ್ಕು ಮಂಚ, ನಾಲ್ಕು ಗಂಟೆ ಎಂದರೆ 48 ಜನ, ಅದಕ್ಕಿಂತ ಹೆಚ್ಚಿಲ್ಲ. ಉದ್ಘಾಟನೆ ಮುಗಿಯುತ್ತಲೇ 60 ಜನ ಒಟ್ಟಿಗೆ ಬಂದರೆ ಒಂದೂವರೆ ಗಂಟೆಯ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಪ್ರತಿಯೊಬ್ಬರಿಗೂ ಸಮಯ ಕೊಟ್ಟು ಕರೆಯಿರಿ: ಹತ್ತಕ್ಕೆ ಹನ್ನೆರಡು ಜನ, ಹನ್ನೊಂದಕ್ಕೆ ಹನ್ನೆರಡು ಜನ, ಹೀಗೆ. ಭಾಷಣಕ್ಕಾಗಿ ದಾನಿಗಳನ್ನು ಕಾಯಿಸಬೇಡಿ. ಹೊಟ್ಟೆ ಹಸಿದು, ಸೆಕೆಯಲ್ಲಿ ಕುಳಿತು ಬಂದವರೇ ಆಮೇಲೆ ತಲೆಸುತ್ತಿ ಬೀಳುವುದು.

ಕೋಣೆ ನೆಲಮಹಡಿಯಲ್ಲಿರಲಿ. ಗಾಳಿ, ಬೆಳಕು, ವಿದ್ಯುತ್, ಕೈತೊಳೆಯಲು ನೀರು ಬೇಕು. ವೈದ್ಯರು ಪ್ರಶ್ನೆ ಕೇಳುವ ಜಾಗಕ್ಕೆ ಪರದೆ ಇರಲೇಬೇಕು. ಪಕ್ಕದಲ್ಲಿ ಸಹೋದ್ಯೋಗಿ ಕಿವಿಗೊಟ್ಟು ನಿಂತಿದ್ದರೆ ಯಾರೂ ಖಾಸಗಿ ವಿಷಯಕ್ಕೆ ನಿಜ ಹೇಳುವುದಿಲ್ಲ. ದಾರಿ ಒಂದೇ ದಿಕ್ಕಿಗೆ ಹರಿಯಲಿ: ನೋಂದಣಿ, ವೈದ್ಯರು, ಹಿಮೋಗ್ಲೋಬಿನ್, ಮಂಚ, ವಿಶ್ರಾಂತಿ. ವಿಶ್ರಾಂತಿಯ ಜಾಗ ಮಂಚಗಳಿಗೆ ಕಾಣುವಷ್ಟು ಹತ್ತಿರವಿರಬೇಕು.

ಮಂಚದ ಮೇಲೆ

ಸೂಜಿ ಹಾಕುವುದು, ತೆಗೆಯುವುದು ರಕ್ತನಿಧಿಯ ಸಿಬ್ಬಂದಿಯ ಕೆಲಸ. ಆದರೂ ಏನು ನಡೆಯುತ್ತಿದೆ ಎಂದು ಕಾರ್ಯಕರ್ತರಿಗೆ ಗೊತ್ತಿದ್ದರೆ ದಾನಿಗೆ ಧೈರ್ಯ ಹೇಳುವುದು ಸುಲಭ. ಬೆರಳು ಚುಚ್ಚಿ ತೆಗೆದ ಹನಿಯನ್ನು ಮೈಲುತುತ್ತದ (ಕಾಪರ್ ಸಲ್ಫೇಟ್) ದ್ರಾವಣಕ್ಕೆ ಬಿಡುವ ಹಳೆಯ ಪದ್ಧತಿ ಇನ್ನೂ ಇದೆ. ನೀರಿಗೆ ಹೋಲಿಸಿದರೆ ದ್ರಾವಣದ ಸಾಂದ್ರತೆ 1.053, ಹನಿ ಮುಳುಗಿದರೆ ಹಿಮೋಗ್ಲೋಬಿನ್ ಕನಿಷ್ಠ 12.5 ಇದೆ, ತೇಲಿದರೆ ಕಡಿಮೆ. ಹಲವೆಡೆ ಈಗ ಚಿಕ್ಕ ಯಂತ್ರ ಬಂದಿದೆ. ಮೊಣಕೈ ಮಡಿಕೆಯ ಚರ್ಮಕ್ಕೆ ಔಷಧ ಸವರಿ ಅದು ಒಣಗುವವರೆಗೂ ಕಾಯುತ್ತಾರೆ. ಆ ಅರ್ಧ ನಿಮಿಷ ಕಾಯದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬ್ಯಾಗಿಗೆ ಇಳಿಯಬಹುದು. ಬೆಚ್ಚಗಿನ ಕೋಣೆಯಲ್ಲಿಡುವ ಪ್ಲೇಟ್‌ಲೆಟ್‌ನಲ್ಲಿ ಅವು ಬೆಳೆದರೆ ರೋಗಿಯ ಪ್ರಾಣಕ್ಕೇ ಕುತ್ತು. ಒರೆಸಿದ ಜಾಗವನ್ನು ಯಾರೂ ಮತ್ತೆ ಮುಟ್ಟಬಾರದು.

ಬ್ಯಾಗನ್ನು ಆಗಾಗ ಮೆಲ್ಲಗೆ ತೂಗಿದಂತೆ ಆಡಿಸುವುದು ರಕ್ತ ಹೆಪ್ಪುಗಟ್ಟಲು ಬಿಡದ, ಅದರೊಳಗಿನ ದ್ರಾವಣ ಚೆನ್ನಾಗಿ ಬೆರೆಯಲೆಂದು. ಹರಿವು ನಿಧಾನವಾಗಿ 15 ನಿಮಿಷ ದಾಟಿದರೆ ಆ ರಕ್ತದಿಂದ ಪ್ಲೇಟ್‌ಲೆಟ್ ತೆಗೆಯುವುದಿಲ್ಲ.

ಏನು ಕೆಡಬಹುದು

ಹೆಚ್ಚಾಗಿ ಆಗುವುದು ತಲೆಸುತ್ತು. ಮೊದಲ ಸಲದವರು, ಎಳೆಯರು, ತೂಕ ಕಡಿಮೆ ಇರುವವರಿಗೆ ಸಾಧ್ಯತೆ ಜಾಸ್ತಿ. ತಡೆಯಲು ಎರಡು ಸುಲಭದ ಉಪಾಯಗಳಿವೆ. ಒಂದು, ಸೂಜಿ ಹಾಕುವ ಸ್ವಲ್ಪ ಮೊದಲು ಸುಮಾರು ಅರ್ಧ ಲೀಟರ್ ನೀರು ಕುಡಿಸುವುದು. ಇನ್ನೊಂದು, ಮಂಚದ ಮೇಲೆ ಕಾಲು ಕತ್ತರಿ ಹಾಕಿಕೊಂಡು ತೊಡೆ, ಹೊಟ್ಟೆಯ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು ಸಡಿಲ ಬಿಡುತ್ತಿರುವುದು. ರಕ್ತ ಕಾಲಲ್ಲಿ ನಿಲ್ಲದೆ ಮೇಲಕ್ಕೆ ಬರುತ್ತದೆ. ಮಾತಾಡುತ್ತಿದ್ದವರು ಸುಮ್ಮನಾದರೆ, ಆಕಳಿಸಿದರೆ, ಮುಖ ಬಿಳಿಚಿ ಬೆವರಿದರೆ ಆ ಕ್ಷಣವೇ ಸಿಬ್ಬಂದಿಯನ್ನು ಕೂಗಿ. ಅವರು ಸೂಜಿ ತೆಗೆಯುತ್ತಾರೆ. ತಲೆ ತಗ್ಗಿಸಿ, ಕಾಲು ಎತ್ತರಿಸಿ, ಬಟ್ಟೆ ಸಡಿಲಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಸುತ್ತ ಗುಂಪುಗೂಡಲು ಬಿಡಬೇಡಿ, ಒಬ್ಬರನ್ನು ನೋಡಿ ಇನ್ನೊಬ್ಬರು ಬೀಳುತ್ತಾರೆ.

ಇದಕ್ಕಿಂತ ಅಪಾಯದ್ದು ಮನೆಗೆ ಹೋಗುವಾಗ, ಮೆಟ್ಟಿಲ ಮೇಲೆ ಅಥವಾ ಬಿಸಿನೀರಿನ ಸ್ನಾನದಲ್ಲಿ ಬರುವ ತಡವಾದ ತಲೆಸುತ್ತು. ಹಿಡಿಯಲು ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಹತ್ತು ಹದಿನೈದು ನಿಮಿಷ ಕೂರಿಸಿ ಕುಡಿಯಲು, ತಿನ್ನಲು ಕೊಡುವುದು ಬರೀ ಉಪಚಾರವಲ್ಲ. ಯಾರನ್ನೂ ಮಂಚದಿಂದ ನೇರ ಬಾಗಿಲಿಗೆ ಕಳಿಸಬೇಡಿ. ಬಸ್ಸು, ಲಾರಿ ಓಡಿಸುವವರು, ಎತ್ತರದಲ್ಲಿ ಕೆಲಸ ಮಾಡುವವರು ಆ ದಿನದ ಕೆಲಸ ಮುಗಿದ ಮೇಲೆ ಕೊಡಲಿ.

ಕೈ ನೀಲಿಗಟ್ಟುವುದಕ್ಕೆ ಒಂದು ಕಾರಣ ಸೂಜಿ ತೆಗೆದ ಮೇಲೆ ಮೊಣಕೈ ಮಡಚುವುದು. ಕೈ ನೀಟಾಗಿ ಚಾಚಿ, ಹತ್ತಿಯ ಮೇಲೆ ಬೆರಳಿನಿಂದ ಐದು ನಿಮಿಷ ಬಿಗಿಯಾಗಿ ಒತ್ತಬೇಕು. ಆ ಕೈಯಲ್ಲಿ ಆ ದಿನ ಭಾರ ಎತ್ತಬಾರದು. ನೀಲಿಯಾದರೆ ಮೊದಲ ದಿನ ತಣ್ಣೀರಿನ ಬಟ್ಟೆ ಇಡಿ. ಬಣ್ಣ ಬದಲಾಗುತ್ತ ಒಂದೆರಡು ವಾರದಲ್ಲಿ ಹೋಗುತ್ತದೆ. ಸೂಜಿ ಹಾಕುವಾಗ ಬೆರಳ ತುದಿಗೆ ವಿದ್ಯುತ್ ಹೊಡೆದಂತೆ ನೋವು ಹರಿದರೆ ನರಕ್ಕೆ ತಾಗಿರಬಹುದು. ರಕ್ತ ಕಡುಗೆಂಪಿನ ಬದಲು ಹೊಳೆಯುವ ಕೆಂಪಾಗಿ, ಮಿಡಿಯುತ್ತ, ಬಹಳ ಬೇಗ ತುಂಬಿದರೆ ಸೂಜಿ ಹೃದಯದಿಂದ ರಕ್ತ ತರುವ ನಾಳಕ್ಕೆ, ಅಂದರೆ ಅಪಧಮನಿಗೆ ಹೋಗಿದೆ. ಎರಡೂ ಅಪರೂಪ, ಎರಡಕ್ಕೂ ತಕ್ಷಣ ಸೂಜಿ ತೆಗೆಯಬೇಕು. ಅಪಧಮನಿಯಾದರೆ ಕನಿಷ್ಠ ಹತ್ತು ನಿಮಿಷ ಗಟ್ಟಿಯಾಗಿ ಒತ್ತಬೇಕು.

ಕೊಡಲಾಗದೆ ಮರಳಿದವರು

ಬಂದವರಲ್ಲಿ ಒಂದು ಪಾಲು ಜನ ಕೊಡಲಾಗದೆ ಹೋಗುತ್ತಾರೆ, ಬಹಳಷ್ಟು ಸಲ ಹಿಮೋಗ್ಲೋಬಿನ್ ಕಡಿಮೆಯೆಂದು. ಅವರನ್ನು ‘ಆಗಲ್ಲ’ ಎಂಬ ಒಂದೇ ಮಾತಿನಲ್ಲಿ ಕಳಿಸುವುದು ದಾನಿಯನ್ನು ಶಾಶ್ವತವಾಗಿ ಕಳೆದುಕೊಳ್ಳುವ ದಾರಿ. ಕಾರಣವನ್ನು ಗುಟ್ಟಾಗಿ ಅವರಿಗೇ ಹೇಳಬೇಕು, ಮತ್ತೆ ಬರಬಹುದಾದ ದಿನಾಂಕವನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಅವರಿಗೂ ಎಲ್ಲರಂತೆ ಹಣ್ಣಿನ ರಸ, ಎಲ್ಲರಂತೆ ಧನ್ಯವಾದ. ಶಿಬಿರದ ಕೆಲಸದಲ್ಲಿ ಕೈಜೋಡಿಸಲು ಕರೆದರೆ ಅವರಲ್ಲಿ ಬಹಳ ಒಳ್ಳೆಯ ಕಾರ್ಯಕರ್ತರು ಸಿಗುತ್ತಾರೆ.

ತುರ್ತು ಸಂದೇಶ ಹರಡುವಾಗ

ಎಷ್ಟೇ ಸಿದ್ಧತೆಯಿದ್ದರೂ ಮೊಬೈಲಿಗೆ ‘ತುರ್ತಾಗಿ ರಕ್ತ ಬೇಕು’ ಎಂದು ಬರುತ್ತದೆ. ಮುಂದಕ್ಕೆ ಕಳಿಸುವ ಮುಂಚೆ ಆಸ್ಪತ್ರೆಗೋ ರಕ್ತನಿಧಿಗೋ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಸಂದೇಶದಲ್ಲಿ ಇರಬೇಕಾದದ್ದು ಗುಂಪು, ಬೇಕಿರುವುದು ಕೆಂಪು ಕಣವೋ ಪ್ಲೇಟ್‌ಲೆಟ್ಟೋ, ಎಷ್ಟು ಯುನಿಟ್, ಯಾವ ರಕ್ತನಿಧಿ, ಯಾವ ದಿನ ಎಷ್ಟು ಗಂಟೆಯವರೆಗೆ. ದಿನಾಂಕವಿಲ್ಲದ ಸಂದೇಶ ವರ್ಷಗಟ್ಟಲೆ ಸುತ್ತುತ್ತದೆ. ಹತ್ತು ಸಲ ಹುಸಿ ಕರೆ ಬಂದವರು ಹನ್ನೊಂದನೆಯ ನಿಜದ ಕರೆಗೆ ಏಳುವುದಿಲ್ಲ. ರೋಗಿಯ ಫೋಟೊ, ಕಾಯಿಲೆಯ ವಿವರ ಹಾಕಬೇಡಿ. ರಕ್ತ ಸಿಕ್ಕ ಕೂಡಲೇ ‘ಸಿಕ್ಕಿತು’ ಎಂದು ಅದೇ ಗುಂಪಿನಲ್ಲಿ ಬರೆಯಿರಿ.

ಮನೆಯವರದೇ ರಕ್ತ ಒಳ್ಳೆಯದು ಎಂಬ ನಂಬಿಕೆ ತಪ್ಪು. ರಕ್ತಸಂಬಂಧಿಯ ಬಿಳಿ ಕಣಗಳು ರೋಗಿಯ ಮೈಯಲ್ಲಿ ಉಳಿದುಕೊಂಡು ರೋಗಿಯ ಮೇಲೆಯೇ ತಿರುಗಿ ಬೀಳುವ ಅಪರೂಪದ, ಆದರೆ ಮಾರಕವಾದ ಅಪಾಯವಿದೆ. ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕಾಗುತ್ತದೆ.

ಓ ನೆಗೆಟಿವ್‌ನಂಥ ವಿರಳ ಗುಂಪಿನವರ ಹೆಸರನ್ನು ಬೇರೆಯೇ ಪಟ್ಟಿಯಲ್ಲಿಡಿ. ಅವರನ್ನೆಲ್ಲ ಒಂದೇ ಶಿಬಿರಕ್ಕೆ ಕರೆದುಬಿಟ್ಟರೆ ಮುಂದಿನ ಮೂರು ತಿಂಗಳು ನಿಜವಾಗಿ ಬೇಕಾದಾಗ ಯಾರೂ ಕೊಡುವಂತಿರುವುದಿಲ್ಲ. 1952ರಲ್ಲಿ ಗುರುತಿಸಿದ ಬಾಂಬೆ ಗುಂಪಿನವರು ಇನ್ನೂ ವಿರಳ. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತಾರೆ, ಆದರೆ ಓ ರಕ್ತವೂ ಅವರಿಗೆ ಆಗದು, ತಮ್ಮದೇ ಗುಂಪಿನದು ಬೇಕು. ಇಂಥವರನ್ನು ರಕ್ತನಿಧಿ ಕೇಳಿದಾಗಷ್ಟೇ ಕರೆಯಿರಿ.

ಮತ್ತೆ ಕರೆಯುವುದು

ಶಿಬಿರದ ಮರುದಿನ ಪ್ರತಿ ದಾನಿಗೂ ಒಂದು ಫೋನ್: ಕೈ ನೋವಿದೆಯೇ, ತಲೆಸುತ್ತು ಬಂತೇ. ಮೊದಲ ಸಲ ಕೊಟ್ಟವರಿಗಂತೂ ತಪ್ಪಿಸಬೇಡಿ. ಹೆಸರು, ಗುಂಪು, ಕೊಟ್ಟ ದಿನ, ಮುಂದೆ ಕೊಡಬಹುದಾದ ದಿನ, ಇಷ್ಟನ್ನು ಮಾತ್ರ ಒಂದು ಪುಸ್ತಕದಲ್ಲಿ ಬರೆದಿಡಿ. ಪರೀಕ್ಷೆಯ ಫಲಿತಾಂಶ ರಕ್ತನಿಧಿ ಮತ್ತು ದಾನಿಯ ನಡುವಿನದು, ಸಂಘಟಕರು ಕೇಳಲೂಬಾರದು. ದಾನಿಗಳನ್ನು ನಾಲ್ಕು ಪಂಗಡ ಮಾಡಿ ತಿಂಗಳಿಗೆ ಒಂದು ಪಂಗಡದಂತೆ ಕರೆದರೆ ವರ್ಷದ ಯಾವ ತಿಂಗಳೂ ಖಾಲಿ ಬೀಳುವುದಿಲ್ಲ, ಯಾರಿಗೂ ಅಂತರ ತಪ್ಪುವುದಿಲ್ಲ. ಅವಧಿ ಮುಗಿಯುವ ಒಂದು ವಾರ ಮೊದಲು ಕರೆ ಮಾಡಿ ದಿನ, ಗಂಟೆ ಗೊತ್ತು ಮಾಡಿಕೊಳ್ಳಿ. ಈ ಸಲ ಆಗುವುದಿಲ್ಲ ಎಂದವರನ್ನು ಒತ್ತಾಯಿಸದೆ, ಮುಂದೆ ಯಾವಾಗ ಕೇಳಲಿ ಎಂದು ಅವರಿಂದಲೇ ತಿಂಗಳು ಹೇಳಿಸಿ, ಅದನ್ನೇ ಪುಸ್ತಕದಲ್ಲಿ ಬರೆದುಕೊಳ್ಳಿ.